ಚಾವಣಿ ರಿಪೇರಿಗೆ ಆ ದುಡ್ಡು ಬೇಡ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಹಾಸನದ ಓದುಗರೊಬ್ಬರು ಬರೆದ ಕಾಗದದ ಸಾರ ಇದು: "ಇಲ್ಲಿನ ನಮ್ಮ ಊರಿನ ಫೈರ್ ಕಂಪನಿಯಲ್ಲಿ ನಾನು ನಾಲ್ಕು ವರ್ಷದಿಂದ ಸ್ವಯಂಸೇವಕಿ. ಈ ಸಲ ಅದರ ರಿಲೀಫ್ ಸಂಘಕ್ಕೆ, ಅಂದರೆ ಸ್ವಯಂಸೇವಕರ ನೆರವಿಗಿರುವ ಸಂಘಕ್ಕೆ, ನನ್ನನ್ನು ಖಜಾಂಚಿ ಮಾಡಿದರು. ಎಂಜಿನ್ ನಿಲ್ಲಿಸುವ ಕಟ್ಟಡದ ಚಾವಣಿ ಸೋರುತ್ತಿದೆ. ರಿಲೀಫ್ ಖಾತೆಯಲ್ಲಿ ದುಡ್ಡಿದೆಯಲ್ಲ, ಅದರಿಂದಲೇ ರಿಪೇರಿ ಮಾಡಿಸೋಣ ಅಂದರು. ನಾನು ಚೆಕ್ಕಿಗೆ ಸಹಿ ಹಾಕಲಿಲ್ಲ. ಇರೋದು ನಾವು ನಾವೇ, ಇಷ್ಟೊಂದು ರೂಲ್ಸ್ ಯಾಕೆ ಅಂತ ಎಲ್ಲರೂ ಮುನಿಸಿಕೊಂಡಿದ್ದಾರೆ. ನಾನು ಮಾಡಿದ್ದು ಅತಿಯಾಯಿತಾ?"

ಪ್ರಿಯ ಸೋದರಿ,

ಅತಿಯಾಗಲಿಲ್ಲ. ನೀವು ಮಾಡಿದ್ದು ಸರಿ. ಯಾಕೆ ಸರಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾಳೆ ಸಭೆಯಲ್ಲಿ ನಿಮಗೆ ಬೇಕಾಗಬಹುದು.

ನಮ್ಮ ಇತರ ಓದುಗರಿಗೆ ಮೊದಲು ಒಂದು ಮಾತು. ಕರ್ನಾಟಕದಲ್ಲಿ ಬೆಂಕಿ ಬಿದ್ದರೆ ಸರ್ಕಾರದ ಅಗ್ನಿಶಾಮಕ ದಳ ಬರುತ್ತದೆ. ಪೆನ್ಸಿಲ್ವೇನಿಯಾದ ಹೆಚ್ಚಿನ ಊರುಗಳಲ್ಲಿ ಬರುವವರು ಸಂಬಳವಿಲ್ಲದ ಊರಿನವರೇ. ಅವರ ಸಂಸ್ಥೆಗೆ ಅಲ್ಲಿ 'ಫೈರ್ ಕಂಪನಿ' ಅನ್ನುತ್ತಾರೆ. ಇದು ವ್ಯಾಪಾರದ ಕಂಪನಿ ಅಲ್ಲ. 1736ರಲ್ಲಿ ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು ಯೂನಿಯನ್ ಫೈರ್ ಕಂಪನಿ ಕಟ್ಟಿದರು. ಪ್ರತಿ ಸದಸ್ಯನೂ ಚರ್ಮದ ಬಕೆಟ್ಟುಗಳನ್ನೂ ಗಟ್ಟಿ ಚೀಲಗಳನ್ನೂ ಸಿದ್ಧವಾಗಿ ಇಟ್ಟುಕೊಂಡಿರಬೇಕಿತ್ತು. ತಿಂಗಳ ಸಭೆಗೆ ಬಾರದವರು ದಂಡ ಕಟ್ಟಬೇಕಿತ್ತು. ಆ ದಂಡದ ಹಣದಲ್ಲೇ ಎಂಜಿನ್, ಏಣಿ ಕೊಳ್ಳುತ್ತಿದ್ದರು. 'ನಾವು ನಾವೇ' ಇದ್ದವರು ಅವರೂ. ಆದರೂ ಮೊದಲ ದಿನದಿಂದ ಕಟ್ಟುಪಾಡು ಬರೆದಿಟ್ಟುಕೊಂಡೇ ಕೆಲಸ ಶುರುಮಾಡಿದರು.

ಈಗ ನಿಮ್ಮ ಖಾತೆಯ ದುಡ್ಡಿನ ವಿಷಯ. ಹೊರರಾಜ್ಯದ ವಿಮಾ ಕಂಪನಿಗಳು ಪೆನ್ಸಿಲ್ವೇನಿಯಾದಲ್ಲಿ ಬೆಂಕಿ ವಿಮೆ ಮಾರಿದರೆ ಪ್ರೀಮಿಯಂ ಮೇಲೆ ಶೇ. 2 ತೆರಿಗೆ ಕಟ್ಟುತ್ತವೆ. ಕಾನೂನಿನಲ್ಲಿ ಇವುಗಳಿಗೆ 'ಫಾರಿನ್' ಕಂಪನಿ ಅಂತ ಹೆಸರು. ಪಕ್ಕದ ಓಹಾಯೊದ್ದಾದರೂ ಫಾರಿನ್ನೇ. ಆ ತೆರಿಗೆ ಹಣವನ್ನು ರಾಜ್ಯದ ಆಡಿಟರ್ ಜನರಲ್ ಊರುಗಳಿಗೆ ಹಂಚುತ್ತಾರೆ. ಅರ್ಧ ಪಾಲು ಜನಸಂಖ್ಯೆ ನೋಡಿ, ಇನ್ನರ್ಧ ಆಸ್ತಿಗಳ ಮಾರುಕಟ್ಟೆ ಬೆಲೆ ನೋಡಿ. ಊರಾಡಳಿತ ಅದನ್ನು 60 ದಿನದೊಳಗೆ ರಿಲೀಫ್ ಸಂಘಕ್ಕೆ ದಾಟಿಸಬೇಕು. ಹಾಗಾಗಿ ಅದು ನಿಮ್ಮ ಕಂಪನಿ ಊಟ ಮಾರಿ, ಬಿಂಗೊ ಆಡಿಸಿ ಕೂಡಿಸಿದ ಹಣ ಅಲ್ಲ. ಮನೆಗೆ ವಿಮೆ ಮಾಡಿಸಿದ ಜನ ಕೊಟ್ಟ ತೆರಿಗೆ ಹಣ.

ಆ ಹಣ ಇರುವುದು ಬೆಂಕಿಗೆ ಎದುರು ಹೋಗುವ ಮನುಷ್ಯರಿಗಾಗಿ. 1968ರ ಕಾನೂನು ಇದನ್ನೇ ಹೇಳಿತ್ತು. ಅದರ ಜಾಗಕ್ಕೆ ಬಂದ 2010ರ ಆಕ್ಟ್ 118 ಕೂಡ ಇದನ್ನೇ ಹೇಳುತ್ತದೆ. ಸದಸ್ಯರಿಗೆ ಅಪಘಾತ ವಿಮೆ ಮಾಡಿಸಬಹುದು. ಸತ್ತವರ ಮನೆಯವರಿಗೆ ನೆರವು ಕೊಡಬಹುದು. ರಕ್ಷಣೆಯ ಉಡುಪು, ಮುಖವಾಡ ಕೊಳ್ಳಬಹುದು. ತರಬೇತಿಗೆ ಕಳಿಸಬಹುದು. ಆಸ್ಪತ್ರೆಯಲ್ಲಿ ಮಲಗಿರುವ ಸದಸ್ಯರಿಗೆ ಸಹಾನುಭೂತಿಯ ಕಾಣಿಕೆ ಕಳಿಸುವ ಖರ್ಚನ್ನು ಕೂಡ ಕಾನೂನು ಮರೆತಿಲ್ಲ. ಅದನ್ನು ಓದಿದಾಗ ನನಗೆ ಮನಸ್ಸು ತುಂಬಿ ಬಂತು. ಒಂದು ಹೂವಿನ ಗುಚ್ಛಕ್ಕೂ ಜಾಗ ಮಾಡಿದ ಕಾನೂನು ಚಾವಣಿಗೆ ಮಾತ್ರ ಜಾಗ ಕೊಟ್ಟಿಲ್ಲ. ಕಟ್ಟಡ ಕಂಪನಿಯದು, ಅದರ ರಿಪೇರಿ ಕಂಪನಿಯ ಜವಾಬ್ದಾರಿ.

ನಿಮ್ಮವರಿಗೆ ಗೊಂದಲ ಆಗಿರುವುದು ಇಲ್ಲೇ ಅಂತ ನನಗನಿಸುತ್ತದೆ. ಕಾನೂನಿನ ಕಣ್ಣಲ್ಲಿ ಕಂಪನಿ ಬೇರೆ, ರಿಲೀಫ್ ಸಂಘ ಬೇರೆ. ಆದರೆ ಎರಡರಲ್ಲೂ ಇರುವವರು ಅದೇ ಜನ, ಕೂರುವುದೂ ಅದೇ ಕೋಣೆ. 1970ರ ದಶಕದಲ್ಲಿ ಪೆನ್ಸಿಲ್ವೇನಿಯಾದಲ್ಲಿ ಸುಮಾರು 3 ಲಕ್ಷ ಸ್ವಯಂಸೇವಕ ಅಗ್ನಿಶಾಮಕರಿದ್ದರು. 2018ರಲ್ಲಿ ಬಂದ ಶಾಸನಸಭೆಯ ಸಮಿತಿಯ ವರದಿ ಕೊಟ್ಟ ಲೆಕ್ಕ ಸುಮಾರು 38,000. ಜನ ಇಷ್ಟು ಕಮ್ಮಿಯಾದಾಗ ಒಬ್ಬರೇ ಎರಡು ಮೂರು ಹುದ್ದೆ ಹೊರಬೇಕಾಗುತ್ತದೆ. ಯಾವ ಹುದ್ದೆಯಲ್ಲಿ ಕೂತು ಮಾತಾಡುತ್ತಿದ್ದೇವೆ ಅನ್ನೋದು ಮರೆತುಹೋಗುತ್ತದೆ. ಅದಕ್ಕೇ ಎರಡರ ಸಭೆಗಳನ್ನು ಬೇರೆ ಬೇರೆ ಮಾಡಿ. ಒಂದೇ ಸಂಜೆ ನಡೆದರೂ ಚಿಂತೆಯಿಲ್ಲ. ಮೊದಲನೆಯದನ್ನು ಮುಗಿಸಿ, ನಡಾವಳಿ ಪುಸ್ತಕ ಮುಚ್ಚಿ, ಆಮೇಲೆ ಇನ್ನೊಂದನ್ನು ತೆರೆಯಿರಿ.

ಚೆಕ್ಕಿಗೆ ಎರಡು ಸಹಿ ಯಾಕೆ ಅಂತಲೂ ಕೇಳಿದ್ದಾರಂತೆ. ಬೈಲಾದಲ್ಲಿ ಅದು ಇರಲೇಬೇಕು ಅಂತ ಆಕ್ಟ್ ಹೇಳುತ್ತದೆ. ಕನಿಷ್ಠ ಇಬ್ಬರು ಪದಾಧಿಕಾರಿಗಳ ಸಹಿ ಬೇಕು, ಅದರಲ್ಲೊಂದು ಹಣ ಪಾವತಿಸುವವರದು, ಅಂದರೆ ನಿಮ್ಮದು. ಸಭೆಗೆ ನೋಟಿಸ್, ಕೋರಂ, ಚುನಾವಣೆ ನಡೆಸುವ ಕ್ರಮ, ಖರ್ಚಿಗೆ ಒಪ್ಪಿಗೆ ಪಡೆಯುವ ಕ್ರಮ, ಬೈಲಾ ತಿದ್ದುವ ಕ್ರಮ, ಇವೂ ಬರೆದಿರಬೇಕು.

ಇದು ಅಪನಂಬಿಕೆ ಅಂತ ನಿಮ್ಮ ಗೆಳೆಯರಿಗೆ ಅನಿಸಿದ್ದರೆ ನಮ್ಮ ಮನೆಯ ಕಥೆ ಹೇಳಿ. ನಮ್ಮ ತಂದೆ ಊರಿನ ಒಂದು ಸಣ್ಣ ಸಂಘಕ್ಕೆ ಹನ್ನೊಂದು ವರ್ಷ ಖಜಾಂಚಿಯಾಗಿದ್ದರು. ಎಲ್ಲರಿಗೂ ಅವರ ಮೇಲೆ ನಂಬಿಕೆ, ಹಾಗಾಗಿ ಒಂದೇ ಸಹಿ ಸಾಕಿತ್ತು. ಅವರು ಕೈಯಿಂದ ಖರ್ಚು ಮಾಡಿ ಚೀಟಿ ಬರೆದಿಡುತ್ತಿದ್ದರು. ಒಂದು ದಿನ ಇದ್ದಕ್ಕಿದ್ದ ಹಾಗೆ ತೀರಿಕೊಂಡರು. ಕೆಲವು ಚೀಟಿ ಸಿಕ್ಕವು, ಕೆಲವು ಸಿಗಲಿಲ್ಲ. ಲೆಕ್ಕ ತಾಳೆಯಾಗಲಿಲ್ಲ. ಯಾರೂ ಮುಖಕ್ಕೆ ಏನೂ ಹೇಳಲಿಲ್ಲ. ಆದರೆ ನಮ್ಮಮ್ಮ ಆಮೇಲೆ ಆ ಬೀದಿಯಲ್ಲಿ ತಲೆ ಎತ್ತಿ ನಡೆದದ್ದನ್ನು ನಾನು ನೋಡಲಿಲ್ಲ. ಪಕ್ಕದಲ್ಲಿ ಇನ್ನೊಂದು ಸಹಿ ಇದ್ದಿದ್ದರೆ ಅಪ್ಪನ ಪರವಾಗಿ ಮಾತಾಡಲು ಒಬ್ಬರಾದರೂ ಇರುತ್ತಿದ್ದರು ಅಲ್ವಾ?

ಹಾಗಂತ ಚಾವಣಿ ಸೋರುತ್ತಲೇ ಇರಲಿ ಅಂತ ನಾನು ಹೇಳುವುದಿಲ್ಲ. ಕಾನೂನಿನಲ್ಲೇ ಒಂದು ದಾರಿಯಿದೆ. ರಿಲೀಫ್ ಸಂಘ ತನ್ನ ಹಣವನ್ನು ಫೈರ್ ಕಂಪನಿಗೆ ಸಾಲವಾಗಿ ಕೊಡಬಹುದು. ಅದನ್ನು ಹೂಡಿಕೆ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಬಡ್ಡಿ ವರ್ಷಕ್ಕೆ ಕನಿಷ್ಠ ಶೇ. 3. ಸಾಲದ ಒಂದೂವರೆ ಪಟ್ಟು ಬೆಲೆಯ ಆಸ್ತಿ ಅಡಮಾನ ಇರಬೇಕು. 20,000 ಡಾಲರ್ ಕೊಟ್ಟರೆ 30,000 ಡಾಲರಿನ ಆಸ್ತಿ. ಅಸಲು ವರ್ಷ ವರ್ಷ ಇಳಿಯುತ್ತಾ ಬರಬೇಕು. ಮುಂದೆ ಯಾರಾದರೂ ಗಾಯಗೊಂಡು ಬಂದಾಗ ಆ ಹಣ ಬಡ್ಡಿ ಸಮೇತ ವಾಪಸ್ ಬಂದಿರುತ್ತದೆ. ಸಾಲ ಪತ್ರವಾಗಲಿ, ಸಭೆಯ ಠರಾವಾಗಲಿ ಇಲ್ಲದೆ ಒಂದು ಡಾಲರೂ ಕೊಡಬೇಡಿ. ಪತ್ರ ಮಾಡುವ ಮೊದಲು ಆಡಿಟರ್ ಜನರಲ್ ಕಚೇರಿಗೆ ಬರೆದು ಕೇಳಿ, ಉತ್ತರವನ್ನು ಫೈಲಿನಲ್ಲಿಡಿ. ಆಡಿಟ್ ಮಾಡುವವರೂ ಅವರೇ. ಸಲ್ಲದ ಖರ್ಚು ಕಂಡರೆ ಹಣ ಮರಳಿಸಿ ಅನ್ನುತ್ತಾರೆ. ಮುಂದಿನ ವರ್ಷದ ಪಾಲು ನಿಂತರೂ ನಿಲ್ಲಬಹುದು. ಆಗ ನಷ್ಟ ಆಗುವುದು ಹೊಸ ಜಾಕೆಟ್ಟಿಗೆ ಕಾಯುತ್ತಿರುವ ಹುಡುಗನಿಗೆ.

ಕೊನೆಗೆ, ನಿಮ್ಮ ಕಾಗದದಲ್ಲಿ ಇಲ್ಲದ ಒಂದು ವಿಷಯ. ಖಜಾಂಚಿಗೆ ಶ್ಯೂರಿಟಿ ಬಾಂಡ್ ಇರಬೇಕು. ಇದು ವಿಮಾ ಸಂಸ್ಥೆ ನಿಮ್ಮ ಪರವಾಗಿ ಕೊಡುವ ಜಾಮೀನು. ಅದರ ಖರ್ಚು ಸಂಘದ್ದು, ನಿಮ್ಮ ಕೈಯಿಂದ ಕಟ್ಟಬೇಡಿ. ಬಾಂಡಿನ ಮೊತ್ತ ವರ್ಷದಲ್ಲಿ ಖಾತೆಯ ನಗದು ಅತಿ ಜಾಸ್ತಿ ಇದ್ದ ದಿನಕ್ಕೆ ಸರಿಹೊಂದಬೇಕು. ರಾಜ್ಯದ ಹಣ ಬಂದು ಬಿದ್ದ ವಾರ ಎಷ್ಟಿತ್ತು ಅಂತ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ನೋಡಿ. ಬಾಂಡ್ ಹಿಂದಿನ ಖಜಾಂಚಿಯ ಹೆಸರಿನಲ್ಲೇ ಉಳಿದಿದ್ದರೆ ಈ ವಾರವೇ ಬದಲಾಯಿಸಿಕೊಳ್ಳಿ.

- ಸಂಪಾದಕ