ಬಿಲ್ಲು ಮಾರಬೇಡಿ, ಅಕ್ಕೋರೇ

ಗಂಗಾವತಿ ತಾಲ್ಲೂಕಿನ ಶಿಕ್ಷಕಿಯೊಬ್ಬರ ಪತ್ರ:

"ಸಂಪಾದಕರಿಗೆ ನಮಸ್ಕಾರ. ಮಗನನ್ನು ಆರ್ಚರಿ ಶಿಬಿರಕ್ಕೆ ಬಿಡಲು ಹೋಗಿ ನಾನೂ ಬಿಲ್ಲು ಹಿಡಿದೆ. ಪಿಯುಸಿ ಬಂತು ಅಂತ ಮಗ ಬಿಟ್ಟ, ನಾನು ಬಿಡಲಿಲ್ಲ. ನನಗೀಗ 46. ಎರಡು ವರ್ಷದಿಂದ ಪ್ರತಿ ಭಾನುವಾರ ಕಾಲುವೆ ಪಕ್ಕದ ನಮ್ಮ ಹೊಲದಲ್ಲಿ ಹುಲ್ಲಿನ ಪೆಂಡಿ ಇಟ್ಟು ಹೊಡೆಯುತ್ತೇನೆ. 30 ಮೀಟರಿನಿಂದ ನಡುವಿನ ಹಳದಿಗೆ ಬೀಳುವುದು ಅಪರೂಪ. ಹೆದೆ ಬಡಿದು ಎಡಗೈ ಕಪ್ಪಾಗಿದೆ. 'ವೈನೀ, ಈ ವಯಸ್ಸಿನ್ಯಾಗ ಬಿಲ್ಲು ಹಿಡಿದು ಯಾವ ಲಂಕಾ ಗೆಲ್ಲಾಕ ಹೊಂಟೀರಿ?' ಅಂತ ಮೈದುನ ನಗುತ್ತಾನೆ. ಇದರಿಂದ ಏನು ಉಪಯೋಗ ಅಂತ ನನಗೂ ಹೇಳಲು ಬರುತ್ತಿಲ್ಲ. ಮಾರಿಬಿಡಲೇ?"

ಮಾರಬೇಡಿ ಅಕ್ಕೋರೇ. ಮೊದಲು ಅದನ್ನು ಹೇಳಿಬಿಟ್ಟೆ, ಉಳಿದದ್ದು ನಿಧಾನಕ್ಕೆ.

ನಿಮ್ಮ ಮೈದುನರ ಮಾತಿನಲ್ಲಿ ಹುರುಳೇ ಇಲ್ಲ ಅಂತಲ್ಲ. ಬಿಲ್ಲು ದುಬಾರಿ. ಒಂದು ಬಾಣ ಮುರಿದರೂ ಹೊಟ್ಟೆ ಚುರುಕ್ ಅನ್ನುತ್ತದೆ. ಅವರು ಕೇಳದೆ ಬಿಟ್ಟ ಒಂದು ಮಾತನ್ನು ನಾನೇ ಕೇಳುತ್ತೇನೆ. ಆ ಪೆಂಡಿಯ ಹಿಂದೆ ಏನಿದೆ? ತಪ್ಪಿದ ಬಾಣ ನೂರು ಮೀಟರ್ ದಾಟಿ ಹೋಗಬಲ್ಲದು. ಕಾಲುವೆ ಏರಿಯ ಮೇಲೆ ಬೆಳಿಗ್ಗೆ ಜನ, ದನ ಓಡಾಡುತ್ತಿರುತ್ತವೆ. ಹಿಂದೆ ಎತ್ತರದ ಮಣ್ಣಿನ ದಿಬ್ಬ ಇಲ್ಲದಿದ್ದರೆ ಜಾಗ ಬದಲಿಸಿ. ಮೈದುನರ ಪರವಾಗಿ ನಾನು ಹೇಳುವುದು ಇಷ್ಟೇ.

ನಾನು ಬಿಲ್ಲು ಹಿಡಿದದ್ದು ಬಳ್ಳಾರಿಯಲ್ಲಿ, ಇಪ್ಪತ್ತೆರಡನೇ ವಯಸ್ಸಿನಲ್ಲಿ. ಬಿದಿರಿನ ಬಿಲ್ಲು. ಕಲಿಸಿದವರು ನಿವೃತ್ತ ಪಿ.ಟಿ. ಮಾಸ್ತರು. ಅಕ್ಕಿ ಚೀಲಕ್ಕೆ ಹಳೆ ಬಟ್ಟೆ ತುರುಕಿ ನಾಲ್ಕು ಹೆಜ್ಜೆ ದೂರದಲ್ಲಿ ನಿಲ್ಲಿಸಿದರು. ಗುರಿಯ ಕಾಗದ ಅಂಟಿಸಲಿಲ್ಲ. "ಕಣ್ಣು ಮುಚ್ಚು, ಬಿಡು" ಎಂದರು. ಒಂದು ತಿಂಗಳು ಇಷ್ಟೇ ಪಾಠ. ಹೆದೆ ಗದ್ದಕ್ಕೆ ತಾಗಿತಾ, ಬೆನ್ನು ಬಿಗಿಯಿತಾ, ಬೆರಳು ತಾನಾಗಿ ಸಡಿಲ ಆಯ್ತಾ ಎಂದು ಕೇಳುತ್ತಿದ್ದರು. ಬಾಣ ಎಲ್ಲಿ ಬಿತ್ತು ಅಂತ ಒಂದು ದಿನವೂ ಕೇಳಲಿಲ್ಲ. ನನ್ನ ಎಡಗೈಯೂ ನಿಮ್ಮದರಂತೆಯೇ ಆಗಿತ್ತು. ಮೊದಲು ಕೆಂಪು ಬರೆ, ಮರುದಿನ ನೇರಳೆ ಹಣ್ಣಿನ ಬಣ್ಣ, ವಾರ ಕಳೆದರೆ ಅಂಚಿನಲ್ಲಿ ಹಳದಿ. ಅವ್ವ ಅರಿಶಿನ ಹಚ್ಚುತ್ತಾ ಬಯ್ಯುತ್ತಿದ್ದಳು.

ಒಮ್ಮೆ ಒಂದು ಬಾಣ ಪಕ್ಕದ ಶೇಂಗಾ ಹೊಲಕ್ಕೆ ಹೋಯಿತು. ಹಸಿರಿನಲ್ಲಿ ಮಲಗಿದ ಬಾಣ ಕಣ್ಣಿಗೆ ಬೀಳುವುದಿಲ್ಲ. ಪಾದ ಎತ್ತದೆ, ನೆಲ ಸವರುತ್ತಾ ಹುಡುಕಬೇಕು. ಎರಡು ಸಂಜೆ ಹುಡುಕಿದೆ, ಸಿಗಲಿಲ್ಲ. ಶೇಂಗಾ ಕೀಳುವ ಹೊತ್ತಿಗೆ ಆ ಹೊಲದ ಅಜ್ಜ ತಾನೇ ಬಂದು ಕೊಟ್ಟ. ಮೊನೆ ತುಕ್ಕು ಹಿಡಿದಿತ್ತು. ಜೊತೆಗೆ ಟವೆಲಿನಲ್ಲಿ ಕಟ್ಟಿದ ಹಸಿ ಶೇಂಗಾ. ಬಿಲ್ಲಿನಿಂದ ನನಗೆ ಬಂದ ಬಹುಮಾನ ಅದೊಂದೇ. ಅದರ ರುಚಿ ಇನ್ನೂ ಬಾಯಲ್ಲಿದೆ.

ವಯಸ್ಸಿನ ಮಾತಿಗೆ ಬರೋಣ. ಬೆಲ್ಜಿಯಂನ ಬಿಲ್ಲುಗಾರ ಹ್ಯೂಬರ್ಟ್ ವಾನ್ ಇನಿಸ್ 1900ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಮತ್ತೆ 1920ರಲ್ಲಿ ಗೆದ್ದರು. ಆಗ ಅವರಿಗೆ 54. ನಿಮಗಿಂತ ಎಂಟು ವರ್ಷ ದೊಡ್ಡವರು! ಚಿನ್ನದ ಮಾತು ಬಿಡಿ, ನನಗೆ ಅದಕ್ಕಿಂತ ಇಷ್ಟವಾದ ಕಥೆ ಇನ್ನೊಂದಿದೆ. 1948ರ ಜುಲೈ 29, ಲಂಡನ್ ಒಲಿಂಪಿಕ್ಸ್ ಶುರುವಾದ ದಿನ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಗಾಯಗೊಂಡ 16 ಮಾಜಿ ಸೈನಿಕರಿಗೆ ಒಂದು ಸ್ಪರ್ಧೆ ಇಟ್ಟರು. ಗಾಲಿ ಕುರ್ಚಿಯಲ್ಲಿ ಕುಳಿತೇ ಅವರು ಆಡಿದ್ದು ಬಿಲ್ಲುಗಾರಿಕೆ. ಇವತ್ತಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ. ಬೆನ್ನುಹುರಿ ಮುರಿದು ಮಂಚ ಹಿಡಿದಿದ್ದವರು ಅವರು. ಮತ್ತೆ ಹೆದೆ ಎಳೆಯುವುದೇ ಅವರಿಗೆ ಎಷ್ಟು ದೊಡ್ಡ ವಿಷಯ ಆಗಿತ್ತು ಯೋಚಿಸಿ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಬಿಲ್ಲುಗಾರಿಕೆ ಫೈನಲ್ ನೋಡಿದಿರಾ? ಕೊರಿಯಾದ ಕಿಮ್ ವೂಜಿನ್, ಅಮೆರಿಕದ ಬ್ರೇಡಿ ಎಲಿಸನ್. ಸಮ ಸಮ. ಕೊನೆಗೆ ಒಂದೊಂದೇ ಬಾಣ. 70 ಮೀಟರ್ ಆಚೆ, ಹೋಟೆಲಿನ ಪೂರಿಯಷ್ಟು ಅಗಲದ, ಹತ್ತು ಅಂಕದ ನಡು ವೃತ್ತಕ್ಕೆ ಇಬ್ಬರೂ ಹೊಡೆದರು. ನಡುಬಿಂದುವಿನಿಂದ ಅಳೆದಾಗ ಕಿಮ್ ಬಾಣ 4.9 ಮಿಲಿಮೀಟರ್ ಹತ್ತಿರ ಇತ್ತು. ಒಂದು ತೊಗರಿ ಕಾಳಿನಷ್ಟು ಅಂತರ. ಗೆದ್ದರೆ ಮಾತ್ರ ಉಪಯೋಗ ಅನ್ನುವುದಾದರೆ, ಎಲಿಸನ್ ಅಷ್ಟು ವರ್ಷ ಮಾಡಿದ್ದೆಲ್ಲ ಆ ತೊಗರಿ ಕಾಳಿಗೆ ವ್ಯರ್ಥ ಆಯ್ತಾ? ನಿಮ್ಮ ಮೈದುನರನ್ನು ಕೇಳಿ ನೋಡಿ.

ಈಗ ನಿಮ್ಮ ಮೇಲೆ ಒಂದು ಸಿಟ್ಟು. "ಏನು ಉಪಯೋಗ" ಅಂದ ಕೂಡಲೇ ನೀವು ಕೈಕಟ್ಟಿ ನಿಂತು ಉತ್ತರ ಹುಡುಕಿದಿರಿ. ಯಾಕೆ? ಸಂಜೆ ಕಟ್ಟೆ ಮೇಲೆ ಕೂತು ಎರಡು ತಾಸು ಮಾತಾಡುವವರನ್ನು ಯಾರೂ ಇದು ಕೇಳುವುದಿಲ್ಲ. ನಲವತ್ತು ದಾಟಿದ ಹೆಂಗಸು ತನ್ನ ಖುಷಿಗೆ ಒಂದು ಗಂಟೆ ತೆಗೆದಿಟ್ಟರೆ ಮಾತ್ರ ಮನೆಮಂದಿಯೆಲ್ಲ ಲೆಕ್ಕ ಕೇಳುತ್ತಾರೆ.

ಮಕ್ಕಳ ಪಾಡೂ ಅದೇ. ಹುಡುಗ ಆಟಕ್ಕೆ ಸೇರಿದ ಮೊದಲ ದಿನವೇ, ಸರ್ಟಿಫಿಕೇಟ್ ಸಿಗುತ್ತಾ, ಕೋಟಾದಲ್ಲಿ ಸೀಟು ಬರುತ್ತಾ ಎಂಬ ಪ್ರಶ್ನೆ. ನಮ್ಮ ಭಾಗದ ನೌಕರಿಯ ಹಸಿವು ನನಗೆ ಗೊತ್ತು. ನಮ್ಮ ಕಲ್ಯಾಣ ಕರ್ನಾಟಕಕ್ಕೆ ನೌಕರಿ, ಸೀಟುಗಳಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಗಾಗಿ ಎಷ್ಟು ವರ್ಷ ಕಾದೆವು ಅನ್ನುವುದೂ ಗೊತ್ತು. ಆದರೂ ಎಲ್ಲದಕ್ಕೂ ಒಂದು ಸರ್ಟಿಫಿಕೇಟ್ ಬೇಕು ಅಂತ ಹೊರಟರೆ ಮಕ್ಕಳಿಗೆ ಸುಮ್ನೆ ಆಡುವುದೇ ಮರೆತುಹೋಗುತ್ತದೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಅಂತ ಪಿ.ಟಿ. ಪೀರಿಯಡ್ಡು ಗಣಿತಕ್ಕೆ ಹೋಗುವುದನ್ನು ನೀವು ನನಗಿಂತ ಜಾಸ್ತಿ ಕಂಡಿದ್ದೀರಿ. ನಾನು ಬಾಣ ಬಿಟ್ಟ ಬಯಲು ಈಗ ಲೇಔಟ್ ಆಗಿದೆ. ಆ ಅಜ್ಜನ ಶೇಂಗಾ ಹೊಲವೂ ಅದರಲ್ಲೇ ಸೇರಿಹೋಯಿತು. ಅಲ್ಲೊಂದು ಪಾರ್ಕ್ ಇದೆ. ಗೇಟಿಗೆ ಬೀಗ.

ಲಂಕೆಯ ಮಾತಿಗೂ ಒಂದು ಉತ್ತರ ಇದೆ. ಆನೆಗೊಂದಿ ನಿಮ್ಮ ತಾಲ್ಲೂಕಿನದೇ ಅಲ್ವಾ? ಅದನ್ನೇ ಕಿಷ್ಕಿಂಧೆ ಅಂತ ನಮ್ಮ ಜನ ನಂಬಿದ್ದಾರೆ. ವಾಲಿಯನ್ನು ಹೊಡೆಯಬಲ್ಲೆಯಾ ಎಂದು ಸುಗ್ರೀವ ಅನುಮಾನ ಪಟ್ಟದ್ದು, ರಾಮ ಒಂದೇ ಬಾಣಕ್ಕೆ ಏಳು ಮರ ಸೀಳಿ ತೋರಿಸಿದ್ದು ಕಿಷ್ಕಿಂಧೆಯ ಕಥೆಯಲ್ಲೇ. ಲಂಕೆಗೆ ಹೊರಟವರೂ ನಿಮ್ಮ ಸೀಮೆ ದಾಟಿಯೇ ಹೋದರು ಅಂತ ಮೈದುನರಿಗೆ ಹೇಳಿ.

ಇನ್ನು ನಿಮ್ಮ ಕೈ. ಎಡ ಅಂಗೈಯನ್ನು ಗೋಡೆಗೆ ಒತ್ತಿ ನಿಲ್ಲಿ. ಅಂಗೈ ಅಲ್ಲಾಡದಂತೆ ಮೊಣಕೈ ಮಾತ್ರ ತಿರುಗಿಸಿ. ನೆಲ ನೋಡುತ್ತಿದ್ದ ಮೊಣಕೈ ಮೂಳೆ ಹೊರಗಡೆ ನೋಡಬೇಕು. ಮೊದಮೊದಲು ಬರುವುದಿಲ್ಲ, ದಿನಾ ಐದು ನಿಮಿಷ ಮಾಡಿ. ಹೀಗೆ ಹಿಡಿದರೆ ಹೆದೆಗೆ ದಾರಿ ಸಿಗುತ್ತದೆ. ಅಲ್ಲಿಯವರೆಗೆ ಕೈಗೆ ಗಾರ್ಡ್ ಕಟ್ಟದೆ ಒಂದು ಬಾಣವನ್ನೂ ಬಿಡಬೇಡಿ. 30 ಮೀಟರ್ ಸದ್ಯಕ್ಕೆ ಬೇಡ, ಹತ್ತಕ್ಕೆ ಬನ್ನಿ. ಕೈಯಲ್ಲಿ ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಆದರೆ 30 ಮೀಟರ್ ದೂರದಲ್ಲಿ ಮೂರು ಸೆಂಟಿಮೀಟರಿಗೂ ಜಾಸ್ತಿ ತಪ್ಪುತ್ತದೆ. ಆ ತಪ್ಪು ಎಲ್ಲಿಂದ ಬಂತು ಅಂತ ದೂರದಿಂದ ತಿಳಿಯುವುದಿಲ್ಲ. ಒಂದು ತಿಂಗಳು ಗುರಿಯ ಕಾಗದವನ್ನೂ ತೆಗೆದಿಡಿ, ಬರೀ ಹುಲ್ಲಿಗೆ ಹೊಡೆಯಿರಿ.

ಆಮೇಲೆ ಇನ್ನೊಂದು ಪತ್ರ ಹಾಕಿ. ಹಳದಿಗೆ ಎಷ್ಟು ಬಿತ್ತು ಅಂತ ಬೇಡ, ಎಡಗೈಯ ಬಣ್ಣ ಈಗ ಹೇಗಿದೆ ಅಂತ ಬರೆಯಿರಿ.