ಹೊಳೆ ಸರ್ಕಾರದ್ದು ಸರಿ, ತೋಟದ ದಾರಿ ಯಾರದ್ದು?

ಗಾಳ ಹಾಕಲು ಹೋಗಿ, ಕಾಸರಗೋಡಿನ ಪಯಸ್ವಿನಿ ಹೊಳೆ ಬದಿಯ ತೋಟದವರ ಜೊತೆ ಜಗಳದ ವೀಡಿಯೋ ಹಾಕಿದ ತಮ್ಮನಿಗೆ ಇದು. "ಹೊಳೆ ಸರ್ಕಾರದ್ದು, ತಡೆಯೋಕೆ ನೀವ್ಯಾರು" ಅಂತ ನೀನು ಕೇಳುವಾಗ ನನಗೆ ನಗು ಬಂತು. ಇದೇ ಡೈಲಾಗ್ ನಾನೂ ಒಮ್ಮೆ ಹೊಡೆದಿದ್ದೆ ಮಾರಾಯ.

ಬಾವಿಕ್ಕರೆಯಿಂದ ಕೆಳಗೆ, ಏಪ್ರಿಲ್ ತಿಂಗಳು. ಅಲ್ಲಿ ಕಾಳಾಂಜಿ ಮೀನು ಗಾಳಕ್ಕೆ ಹೊಡೀತದೆ ಅಂತ ಯಾರೋ ಹೇಳಿದ್ದರು. ಮುಳ್ಳುತಂತಿ ಎತ್ತಿ ಅಡಿಕೆ ತೋಟದೊಳಗೆ ನುಸುಳಿದೆ. ಕಣ್ಣು ಹೊಳೆಯ ಮೇಲೆ, ಕಾಲು ಸ್ಪ್ರಿಂಕ್ಲರ್ ಪೈಪಿನ ಮೇಲೆ. ಜಾಯಿಂಟ್ ಟಪ್ ಅಂತ ಕಳಚಿ ನೀರು ಮುಖಕ್ಕೇ ಚಿಮ್ಮಿತು. ತೋಟದ ಯಜಮಾನರು ಬಂದರು, ನಾನು ಕಾನೂನು ಶುರು ಮಾಡಿದೆ. ಅವರು ಪೂರ್ತಿ ಕೇಳಿ ಒಂದೇ ಮಾತು ಹೇಳಿದರು: "ಹೊಳೆ ಸರ್ಕಾರದ್ದೇ. ಹಾಗಾದ್ರೆ ಹೊಳೆಯಲ್ಲೇ ಬರಬೇಕಿತ್ತು." ಸಂಜೆವರೆಗೆ ಸ್ಟೇಷನ್ ಬೆಂಚಿನಲ್ಲಿ ಕೂತು, ಪೈಪಿನ ದುಡ್ಡು ಕೊಟ್ಟು ಮನೆಗೆ ಬಂದೆ.

ಅವರು ಹೇಳಿದ್ದೇ ಕಾನೂನಿನಲ್ಲೂ ಇರುವುದು. 1957ರ ಕೇರಳ ಭೂಸಂರಕ್ಷಣಾ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಹೊಳೆಯ ತಳವೂ ದಂಡೆಯೂ ಸರ್ಕಾರದ್ದು. ಆದರೆ ಅದೇ ಸೆಕ್ಷನ್ನಲ್ಲಿ ಜನ್ಮಿ, ವರ್ಗದಾರರ (ಹಳೆ ಕಾಲದ ಭೂಮಾಲಕರ) ಆಸ್ತಿಯನ್ನು ಹೊರಗೆ ಬಿಟ್ಟಿದ್ದಾರೆ. ನಮ್ಮದು ಹಳೆ ದಕ್ಷಿಣ ಕನ್ನಡ ಜಿಲ್ಲೆಯ ಜಾಗ, ವರ್ಗ ಪಟ್ಟೆ, ಅಂದ್ರೆ ವರ್ಗದಾರರ ಖಾಸಗಿ ಜಾಗ, ಜಾಸ್ತಿ. ಸಣ್ಣ ತೋಡುಗಳು ಪಟ್ಟೆಯೊಳಗೇ ಇರಬಹುದು. ಹಾಗಾಗಿ ದಂಡೆ ಕಂಡ ಕೂಡಲೇ ಪುರಂಬೋಕು (ಸರ್ಕಾರಿ ಜಾಗ) ಅಂತ ತೀರ್ಮಾನಿಸಬೇಡ.

ನಾನು ಆಮೇಲೆ ಮಾಡಿದ್ದು ಇಷ್ಟೆ. ಸರ್ವೆ ನಂಬ್ರ ಹಿಡಿದು ವಿಲೇಜ್ ಆಫೀಸಿಗೆ ಹೋದೆ, ಸ್ಕೆಚ್ಚಿನಲ್ಲಿ ಹೊಳೆ ಪುರಂಬೋಕಿನ ಗೆರೆ ಎಲ್ಲಿದೆ ಅಂತ ನೋಡಿದೆ. ಅರ್ಜಿ ಕನ್ನಡದಲ್ಲೇ ಕೊಡಬಹುದು, ಮುಜುಗರ ಬೇಡ. ಆದರೆ ಸ್ಕೆಚ್ಚೂ ಮೋಸ ಮಾಡ್ತದೆ. ದಂಡೆ ಕೊರೆದು ಹೋದಲ್ಲಿ ಹಳೆ ಗೆರೆ ಈಗ ನೀರಿನೊಳಗೆ ಬೀಳ್ತದೆ. ಇನ್ನು ಕೆಲವು ಕಡೆ ಪುರಂಬೋಕಿನಲ್ಲೇ ಅಡಿಕೆ ನೆಟ್ಟಿದ್ದಾರೆ. ಅದನ್ನು ತೆರವು ಮಾಡಿಸೋದು ರೆವಿನ್ಯೂನವರ ಕೆಲಸ, ರಾಡ್ ಹಿಡಿದು ನಿಂತ ನಮ್ಮದಲ್ಲ.

"ಅಜ್ಜನ ಕಾಲದ ದಾರಿ" ಅಂತ ಕಮೆಂಟಿನಲ್ಲಿ ಬರೆದವರಿಗೆ: 1882ರ ಈಸ್‌ಮೆಂಟ್ (ಇನ್ನೊಬ್ಬರ ಜಾಗ ಬಳಸುವ ಹಕ್ಕಿನ) ಕಾಯ್ದೆಯಲ್ಲಿ 20 ವರ್ಷ ನಡೆದರೆ ದಾರಿ ಹಕ್ಕಾಗುವ ಲೆಕ್ಕ ಇದೆ, ನಿಜ. ಆದರೆ ಆ ಹಕ್ಕು ಪಕ್ಕದ ಜಾಗದವನಿಗೆ, ಅವನ ಜಾಗದ ಅನುಕೂಲಕ್ಕೆ. ಕಾಸರಗೋಡು ಪೇಟೆಯಿಂದ ಬೈಕಿನಲ್ಲಿ ಬರುವ ಗಾಳದವನಿಗಲ್ಲ. ಯಜಮಾನರ ಅನುಮತಿ ಕೇಳಿಕೊಂಡು ನಡೆದ ದಾರಿ 20 ವರ್ಷ ಆದರೂ ಹಕ್ಕಾಗುವುದಿಲ್ಲ.

ಆ ವೀಡಿಯೋ ಮೊದಲು ಅಳಿಸು. ಸುಮ್ನೆ ದಾರಿ ತಪ್ಪಿ ಒಳಗೆ ಹೋದರೆ ಅದು ಕ್ರಿಮಿನಲ್ ಅತಿಕ್ರಮ ಪ್ರವೇಶ ಆಗುವುದಿಲ್ಲ. ಹೋಗು ಅಂದ ಮೇಲೂ ಕಿರಿಕಿರಿ ಮಾಡಬೇಕು ಅಂತಲೇ ನಿಂತರೆ ಆಗ್ತದೆ. ಈಗ ಭಾರತೀಯ ನ್ಯಾಯ ಸಂಹಿತೆಯ (ಬಿಎನ್ಎಸ್) 329ನೇ ಸೆಕ್ಷನ್, ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನೀನು ನಿಂತು ಬಾಯಿ ಮಾಡಿದ್ದಕ್ಕೆ ನೀನೇ ಸಾಕ್ಷಿ ಕೊಟ್ಟಿದ್ದೀಯ.

ಹೊಳೆಗೆ ಇಳಿಯಲು ಸೇತುವೆ ಬದಿ, ಹಳೆ ಕಡವು (ದೋಣಿ ದಾಟುವ ಜಾಗ), ಪಂಚಾಯತ್ ರಸ್ತೆ ಹೊಳೆಗೆ ಮುಟ್ಟುವ ಜಾಗ ಹುಡುಕು. ಅಲ್ಲಿಂದ ನೀರಿನ ಅಂಚು ಹಿಡಿದು ನಡೆ. ರೈಲ್ವೆ ಹಳಿ ಮೇಲೆ ಮಾತ್ರ ಬೇಡ, ಅದಕ್ಕೆ ಬೇರೆಯೇ ಕಾಯ್ದೆ ಇದೆ. ಸಿಗಡಿ ಕೆರೆಯ ಬದುವೂ ಬೇಡ, ಅದು ಖಾಸಗಿ.

ಮತ್ತೆ ದಯವಿಟ್ಟು ಹೊಳೆಗೆ ಅಡ್ಡ ಹಾಕಿದ ಕಟ್ಟದ (ಒಡ್ಡಿನ) ಮೇಲೆ ನಿಲ್ಲಬೇಡಿ! ಕೃಷಿಕರು ಒಟ್ಟು ಸೇರಿ ಕಲ್ಲು, ಮಣ್ಣು, ಅಡಿಕೆ ಮರ ಹಾಕಿ ಕಟ್ಟಿದ್ದು ಅದು. ಬೇಸಿಗೆ ಪೂರ್ತಿ ತೋಟಕ್ಕೆ ಅದರ ನೀರೇ ಗತಿ. ಒಬ್ಬ ಅಲ್ಲಿ ನಿಂತು ಎಸೆದಾಗ ಕಲ್ಲು ಜಾರಿದ್ದು ನಾನೇ ನೋಡಿದ್ದೇನೆ. ತುಂಡಾದ ಬ್ರೈಡ್ (ಗಾಳದ ಹೆಣೆದ ದಾರ) ಬಿಟ್ಟು ಬರುವವರಿಗೂ ಇದೇ ಮಾತು, ದನದ ಗೊರಸಿಗೆ ಸುತ್ತಿದರೆ ಬಿಡಿಸಲಿಕ್ಕೆ ನೀವು ಬರ್ತೀರಾ? ಮಳೆ ಶುರುವಾಗಿ ಮೊಟ್ಟೆ ಮೀನು ತೋಡಿಗೆ ಏರುವಾಗ ಹಿಡಿಯುವುದೂ ಕೇರಳದಲ್ಲಿ ಅಪರಾಧ.

ವೀಡಿಯೋದಲ್ಲಿ ನಿನ್ನ ಗಾಳದ ದಾರ ಸುತ್ತುವ ರೀಲ್ ಕಂಡಿತು. ದುಬಾರಿಯದ್ದು ಬೇಕಿರಲಿಲ್ಲ. ಉಪ್ಪುನೀರು ಬರುವ ಜಾಗಕ್ಕೆ ನನ್ನ ಶಿಮಾನೊ ಸಿಯೆನ್ನಾ ಸಾಕಾಗಿದೆ, ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಬೇಕು ಅಷ್ಟೆ.

ಕಡೆಗೆ ಎಲ್ಲರೂ ಹೇಳುವ "ಸಿಕ್ಕಿದ್ದರಲ್ಲಿ ಅರ್ಧ ಮೀನು ಕೊಟ್ಟು ಒಪ್ಪಿಸು" ಸಲಹೆ. ಮೊದಲು ಯಾರ ಮನೆ ಅಂತ ನೋಡು. ಆ ಪೈಪಿನ ಯಜಮಾನರಿಗೆ ಮುಂದಿನ ವರ್ಷ ನಾನು ಎರಡು ಕೆಜಿ ಕಾಳಾಂಜಿ ಬಾಳೆಲೆಯಲ್ಲಿ ಸುತ್ತಿ ಒಯ್ದೆ. ಅವರು ಭಟ್ಟರು. ಎಲೆ ಬಿಚ್ಚಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು, ಆಮೇಲೆ ನಗಲಿಕ್ಕೆ ಶುರು ಮಾಡಿದರು. ಮೀನು ಅಂಗಳದ ಹೊರಗೆ ಇಟ್ಟು ಬರಲು ಹೇಳಿ ನನಗೆ ಮಜ್ಜಿಗೆ ಕೊಟ್ಟರು. ಈಗ ಅವರ ಗೇಟಿನಿಂದಲೇ ಹೊಳೆಗೆ ಇಳಿಯುತ್ತೇನೆ, ಪೈಪ್ ದಾಟುವಾಗ ಮಾತ್ರ ಅವರು ಅಡುಗೆಮನೆ ಕಿಟಕಿಯಿಂದ ನೋಡ್ತಾ ಇರ್ತಾರೆ.