ಹಾಟ್ ರಾಡ್‌ನ ಮುಂದಿನ ಆಕ್ಸಲ್: ಮನೆಯಲ್ಲೇ ಅಳೆಯಬಹುದಾ?

ಪ್ರಶ್ನೆ: 1931ರ ಫೋರ್ಡ್ ಮಾಡೆಲ್ ಎ ಕಾರನ್ನು ಹಾಟ್ ರಾಡ್ (ಮಾರ್ಪಡಿಸಿದ ವೇಗದ ಗಾಡಿ) ಮಾಡಿಕೊಂಡಿದ್ದೇನೆ. ಮುಂದೆ ಎರಡು ಚಕ್ರಗಳನ್ನು ಸೇರಿಸುವ ಒಂದೇ ಗಟ್ಟಿ ಐ-ಬೀಮ್ ಆಕ್ಸಲ್, ಅದನ್ನು ಚಾಸಿಗೆ ಹಿಡಿದಿಡುವ ಹೇರ್‌ಪಿನ್ ರಾಡ್‌ಗಳು. 45 ಮೈಲಿ ವೇಗ ದಾಟಿದರೆ ಸ್ಟೀರಿಂಗ್ ನಡುಗುತ್ತದೆ. ಟಯರ್ ಅಂಗಡಿಯವರು ‘ಈ ಗಾಡಿ ನಮ್ಮ ಮೆಷಿನ್‌ನಲ್ಲಿ ಇಲ್ಲ’ ಅಂತ ವಾಪಸ್ ಕಳಿಸಿದರು. ನಾನೇ ಅಲೈನ್‌ಮೆಂಟ್ (ಚಕ್ರಗಳ ಕೋನ) ನೋಡಿಕೊಳ್ಳಲು ಏನೇನು ಬೇಕು?
– ಒಬ್ಬ ಓದುಗರು, ಸ್ಯಾಕ್ರಮೆಂಟೊ, ಕ್ಯಾಲಿಫೋರ್ನಿಯಾ

ಉತ್ತರ: ನಿಮ್ಮ ಗಾಡಿಗೆ ದುಬಾರಿ ಮೆಷಿನ್ ಬೇಕಾಗಿಯೇ ಇಲ್ಲ. ಆದರೆ ಟೇಪ್ ಹಿಡಿಯುವ ಮುಂಚೆ ಜಾಕ್ ಹಾಕಿ, ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ ನೋಡಿ. ಕಿಂಗ್‌ಪಿನ್ (ಚಕ್ರ ಎಡಬಲಕ್ಕೆ ತಿರುಗುವ ಅಚ್ಚು), ಬೇರಿಂಗ್, ಟೈ ರಾಡ್ (ಎರಡು ಚಕ್ರಗಳನ್ನು ಜೋಡಿಸುವ ಸ್ಟೀರಿಂಗ್ ಕಡ್ಡಿ) ಎಂಡ್, ಯಾವುದರಲ್ಲಿ ಪ್ಲೇ, ಅಂದರೆ ಸಡಿಲ, ಇದ್ದರೂ ಮೊದಲು ಅದನ್ನು ಸರಿ ಮಾಡಿಸಿ. ನಡುಕಕ್ಕೆ ಎಷ್ಟೋ ಸಲ ಅದೇ ಕಾರಣ.

ಬೀಮ್ ಆಕ್ಸಲ್‌ನಲ್ಲಿ ಕ್ಯಾಂಬರ್ (ಚಕ್ರದ ತಲೆ ಒಳಗೋ ಹೊರಗೋ ವಾಲಿರುವುದು) ಆಕ್ಸಲ್ ಜೊತೆಗೇ ಬಂದಿರುತ್ತದೆ, ಆಕ್ಸಲನ್ನೇ ಬಗ್ಗಿಸದೆ ಬದಲಾಗುವುದಿಲ್ಲ. ನಿಮ್ಮ ಕೈಲಿರುವುದು ಎರಡೇ, ಕ್ಯಾಸ್ಟರ್ ಮತ್ತು ಟೋ (ಎರಡು ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು).

ಕ್ಯಾಸ್ಟರ್ ಅಂದರೆ ಕಿಂಗ್‌ಪಿನ್‌ನ ತಲೆ ಎಷ್ಟು ಹಿಂದಕ್ಕೆ ವಾಲಿದೆ ಅನ್ನುವುದು. ಬಡಗಿಗಳು ಗರಗಸದ ಬ್ಲೇಡಿಗೆ ಅಂಟಿಸುತ್ತಾರಲ್ಲ, ಆಯಸ್ಕಾಂತ ಇರುವ ಪುಟ್ಟ ಡಿಜಿಟಲ್ ಕೋನಮಾಪಕ, ಅದು ಸಾಕು. ಗ್ಯಾರೇಜಿನ ನೆಲ ಸಾಮಾನ್ಯವಾಗಿ ಬಾಗಿಲ ಕಡೆ ಇಳಿಜಾರಾಗಿರುತ್ತದೆ, ಹಾಗಾಗಿ ಮೊದಲು ಮಾಪಕವನ್ನು ನೆಲದ ಮೇಲೆ ಗಾಡಿಯ ಉದ್ದಕ್ಕೆ ಇಟ್ಟು ಸೊನ್ನೆ ಮಾಡಿ. ಆಮೇಲೆ ಚಕ್ರ ನೇರ ಇರುವಾಗ ಕಿಂಗ್‌ಪಿನ್‌ನ ಚಪ್ಪಟೆ ತಲೆಯ ಮೇಲೆ ಅದೇ ದಿಕ್ಕಿಗೆ ಇಡಿ. ಇಂಥ ಗಾಡಿಗಳಿಗೆ 5ರಿಂದ 7 ಡಿಗ್ರಿ ಚೆನ್ನಾಗಿರುತ್ತದೆ. ಕಡಿಮೆಯಾದರೆ ಗಾಡಿ ರಸ್ತೆಯಲ್ಲಿ ಅತ್ತಿತ್ತ ಎಳೆಯುತ್ತದೆ. ಎರಡೂ ಕಡೆ ಒಂದೇ ಇರಬೇಕು, ಇಲ್ಲದಿದ್ದರೆ ಆಕ್ಸಲ್ ತಿರುಚಿಕೊಂಡಿದೆ ಅಂತ ಅರ್ಥ. ಹೇರ್‌ಪಿನ್ ತುದಿಯ ಕ್ಲೆವಿಸ್‌ಗಳನ್ನು (ಕವಲು ಕೊಂಡಿಗಳನ್ನು) ಅರ್ಧರ್ಧ ಸುತ್ತು ತಿರುಗಿಸಿ ಸರಿ ಮಾಡಿ. ಹಿಂದೆ ದೊಡ್ಡ ಟಯರ್ ಹಾಕಿ ಗಾಡಿಯ ಬೆನ್ನು ಎತ್ತಿದ್ದರೆ ಕ್ಯಾಸ್ಟರ್ ಅಷ್ಟು ಕಡಿಮೆಯಾಗುತ್ತದೆ, ಆದ್ದರಿಂದ ಓಡಿಸುವ ಟಯರುಗಳು, ಸರಿಯಾದ ಗಾಳಿ, ಪೂರ್ತಿ ತೂಕ ಇರುವಾಗಲೇ ಅಳೆಯಿರಿ.

ಆಕ್ಸಲ್ ಸೊಟ್ಟ ಕೂತಿದೆಯಾ ಅಂತ ನೋಡಲು ತೂಗುಗುಂಡು ಸಾಕು. ಎರಡು ಕಿಂಗ್‌ಪಿನ್‌ಗಳಿಂದ, ಹಿಂದಿನ ಆಕ್ಸಲ್‌ನ ಎರಡು ತುದಿಗಳಿಂದ ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಮಾಡೆಲ್ ಎಗೆ ಮೂಲ ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ದೂರ) 103.5 ಇಂಚು. ನಿಮ್ಮದು ಬದಲಾಗಿದ್ದರೂ ಚಿಂತೆಯಿಲ್ಲ, ಎರಡೂ ಬದಿ ಸಮ, ಮೂಲೆಯಿಂದ ಮೂಲೆಗೂ ಸಮ ಬರಬೇಕು ಅಷ್ಟೇ.

ಟೋ ಕೊನೆಗೆ. ಇದು ನನಗೆ ಬಹಳ ಇಷ್ಟವಾದ ಕೆಲಸ. ಚಕ್ರ ಎತ್ತಿ, ಟಯರಿನ ನಡುವೆ ಸುತ್ತಲೂ ಸೀಮೆಸುಣ್ಣ ಬಳಿಯಿರಿ. ಮರದ ತುಂಡಿಗೆ ಹೊಡೆದ ಮೊಳೆಯನ್ನು ಅಲ್ಲಾಡದಂತೆ ನೆಲದ ಮೇಲೆ ಒತ್ತಿಟ್ಟು ಚಕ್ರ ತಿರುಗಿಸಿದರೆ ಕೂದಲೆಳೆಯಂಥ ಗೆರೆ ಮೂಡುತ್ತದೆ. ಟಯರ್ ಸ್ವಲ್ಪ ಸೊಟ್ಟ ಇದ್ದರೂ ಈ ಗೆರೆ ಮೋಸ ಮಾಡುವುದಿಲ್ಲ, ರಿಮ್‌ನಿಂದ ಅಳೆದರೆ ಆ ಭರವಸೆ ಇಲ್ಲ. ಗಾಡಿ ಇಳಿಸಿ, ಒಂದು ಗಾಡಿಯುದ್ದ ಮುಂದಕ್ಕೆ ತಳ್ಳಿ, ಗೆರೆಯಿಂದ ಗೆರೆಗೆ ಟಯರಿನ ಮುಂದೆಯೂ ಹಿಂದೆಯೂ ಒಂದೇ ಎತ್ತರದಲ್ಲಿ ಅಳೆಯಿರಿ. ಎಂಜಿನ್ ಕೆಳಗಿನ ಆಯಿಲ್ ಪ್ಯಾನ್ ಅಡ್ಡ ಬಂದರೆ ಚೌಕ ಪೈಪಿಗೆ ಎರಡು ಕಡ್ಡಿ ನಿಲ್ಲಿಸಿ ಟ್ರ್ಯಾಮೆಲ್ ಅನ್ನುವ ಅಳತೆಕೋಲು ಮಾಡಿಕೊಳ್ಳಿ. ಮುಂದಿನ ಅಳತೆ 1/16ರಿಂದ 1/8 ಇಂಚು ಕಡಿಮೆ ಇರಬೇಕು. ನಿಮ್ಮ ಟೈ ರಾಡ್ ಆಕ್ಸಲ್‌ನ ಹಿಂದಿದ್ದರೆ, ಅದನ್ನು ಉದ್ದ ಮಾಡಿದಷ್ಟೂ ಟೋ-ಇನ್ ಜಾಸ್ತಿ. ಲಾಕ್ ನಟ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿ ಮಾಡುವಾಗಲೇ ರಾಡ್ ಚೂರು ತಿರುಗಿಬಿಡುತ್ತದೆ.